ಹೂಂಗುಟ್ಟಿದವಳು

ಬಸ್ಸು ಹರಪನಹಳ್ಳಿ ಬಿಟ್ಟು ಊರಾಚೆಯ ಪೆಟ್ರೋಲ್ ಬಂಕನ್ನೂ ದಾಟಿರಲಿಲ್ಲ, ಅಷ್ಟರಲ್ಲೇ ಅಫ್ರೀನ್ ನಿದ್ದೆ ಹೋಗಿದ್ದು ನೋಡಿ ಗೀತಾಂಜಲಿಗೆ ಮೈಯೆಲ್ಲ ಉರಿದುಹೋಯಿತು. ಇಂಥ ದಿನ ಯಾರಿಗಾದರೂ ನಿದ್ದೆ ಬರುತ್ತದೆಯೆ? ಹಡಗಲಿಯ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಆ ಕಂಪ್ಯೂಟರು ಗುಂಯ್‌ಗುಡುತ್ತ ಕೂತಿದೆ, ಡಾಕ್ಟರು ಕಾಯುತ್ತಿದ್ದಾರೆ, ಇವತ್ತು ಒಂದು ಹೆಜ್ಜೆ ತಪ್ಪಿದರೆ ತಾಲ್ಲೂಕಿನಲ್ಲಿ ರಕ್ತ ಕೊಡುವವರ ಹೆಸರು, ಊರು, ಫೋನು ಎಲ್ಲ ಅಲ್ಲಿಗೇ ಮುಗಿಯಿತು. ಇವಳು ನೋಡಿದರೆ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ದುಪಟ್ಟಾವನ್ನು ತಲೆತುಂಬ ಸುತ್ತಿ, ಕಿಟಕಿಯ ಸರಳಿಗೆ ಹಣೆಯಾನಿಸಿ, ಬಾಯಿ ತುಸು ತೆರೆದು, ತವರಿಗೆ ಹೊರಟ ಬಸುರಿಯ ಹಾಗೆ ನೆಮ್ಮದಿಯಾಗಿ ಮಲಗಿದ್ದಾಳೆ. ನಿದ್ದೆಯೂ ಇವಳಿಗೆ ಕರೆದರೆ ಬರುತ್ತದೆ. ಎಲ್ಲವೂ ಹಾಗೇ, ಇವಳು ಕೈಚಾಚುವ ಮೊದಲೇ ಬಂದು ಮಡಿಲಲ್ಲಿ ಬೀಳುತ್ತದೆ. ಗೀತಾಂಜಲಿಯಂತೂ ರಾತ್ರಿಯಿಡೀ ಮಗ್ಗುಲು ಬದಲಿಸಿದ್ದೇ ಬಂತು. ಬೆಳಿಗ್ಗೆ ಗಂಡ ಪ್ರವೀಣಕುಮಾರ ಒಗ್ಗರಣೆ ಮಂಡಕ್ಕಿ ಮುಕ್ಕುತ್ತ, "ಇವತ್ತು ಹಡಗಲ್ಯಾಗ ಅಫ್ರೀನಂದು ಕೆಲಸ ಐತಲ್ಲ? ಆ ಹುಡಿಗಿ ತಲಿ ಭಾರಿ ಐತಿ ಬಿಡು" ಎಂದಿದ್ದ. ಗೊಬ್ಬರದಂಗಡಿ ಇಟ್ಟವನಿಗೆ ಇನ್ನೊಬ್ಬಳ ತಲೆಯ ತೂಕ ಅದ್ಹೇಗೆ ಗೊತ್ತಾಯಿತೋ! ಹಾಗಾದರೆ ನನ್ನದು ಎಂದು ಕೇಳಬೇಕೆಂದು ಬಾಯಿ ತೆರೆದವಳು ನೀರು ಕುಡಿದು ಬ್ಯಾಗು ಎತ್ತಿಕೊಂಡಿದ್ದಳು.

ಕೂಡ್ಲಿಗಿಯ ಗೀತಾಂಜಲಿ, ಕೊಟ್ಟೂರಿನ ಅಫ್ರೀನ್: ದಾವಣಗೆರೆಯ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ಓದಿ, ಈಗ ಹರಪನಹಳ್ಳಿಯ ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಯಾವಾಗಲೂ ಗೀತಾಂಜಲಿಯದೇ. ಆದರೆ ಲ್ಯಾಬಿನಲ್ಲಿ ಏನಾದರೂ ಕೆಟ್ಟಾಗ ಮೇಷ್ಟ್ರುಗಳು ಬಾಗಿಲಿಗೆ ಬಂದು ಕರೆಯುತ್ತಿದ್ದುದು, "ಅಫ್ರೀನ್ ಅದಾಳೇನ್ರಿ?" ಎಂದು. ಅಂಕಪಟ್ಟಿಯನ್ನು ಯಾರೂ ಬಾಗಿಲಿಗೆ ಬಂದು ಕರೆಯುವುದಿಲ್ಲವಲ್ಲ. ಡಾಕ್ಟರ್ ಶಿವಯೋಗಪ್ಪನವರಿಗೆ ಹರಪನಹಳ್ಳಿಯಲ್ಲೊಂದು ಹಡಗಲಿಯಲ್ಲೊಂದು ಆಸ್ಪತ್ರೆ. ಹೆರಿಗೆಯಲ್ಲಿ ರಕ್ತ ಹೋಗಿ ಹೆಂಗಸರು ಕೈತಪ್ಪುವುದನ್ನು ಕಂಡು ಕಂಡು ಬೇಸತ್ತ ಅವರು ಎರಡೂ ಕಡೆ ಒಂದೊಂದು ಕಂಪ್ಯೂಟರಿಟ್ಟು ಆಯಾ ತಾಲ್ಲೂಕಿನ ಯಾವ ಹಳ್ಳಿಯಲ್ಲಿ ಯಾರದು ಯಾವ ರಕ್ತ ಎಂದು ತುಂಬಿಸಿದ್ದರು. ಉಚ್ಚಂಗಿದುರ್ಗದಿಂದ ಹಿಡಿದು ಹೊಳೆದಂಡೆಯ ಮಾಗಳದವರೆಗೆ. ಒತ್ತಿದರೆ ಹೆಸರು ಬರುತ್ತದೆ, ಫೋನು ಮಾಡಿದರೆ ಆಸಾಮಿ ಬೈಕು ಹತ್ತಿ ಬರುತ್ತಾನೆ. ಅವೆರಡನ್ನೂ ನೋಡಿಕೊಳ್ಳುತ್ತಿದ್ದವರು ಇವರಿಬ್ಬರು. ಹೋದ ವಾರ ಡಾಕ್ಟರು ಕಾಲೇಜಿಗೇ ಬಂದು, ಎರಡೂ ಆಸ್ಪತ್ರೆಗೆ ಸೇರಿ ಒಬ್ಬರನ್ನ ಪೂರ್ತಿ ಹೊಣೆಗೆ ಹಾಕಿಕೊಳ್ಳುತ್ತೇನೆ, ಹಡಗಲಿಯ ಮಷಿನ್ ಉಳಿಯಲಿ, ಆಮೇಲೆ ಮಾತಾಡೋಣ ಎಂದಿದ್ದರು. ಹಾಗೆನ್ನುವಾಗ ಅವರ ಕಣ್ಣು ಇದ್ದದ್ದು ಅಫ್ರೀನಳ ಮೇಲೆ. ಗೀತಾಂಜಲಿ ಪಕ್ಕದಲ್ಲೇ, ಅದೇ ಬೆಂಚಿನ ಮೇಲೆ, ಹೊಸ ಸೀರೆ ಉಟ್ಟುಕೊಂಡು ಕೂತಿದ್ದಳು.

ಹಡಗಲಿಯ ಆ ಕಂಪ್ಯೂಟರಿನದು ವಿಚಿತ್ರ ಕಾಯಿಲೆ. ಅದರ ಡಿಸ್ಕು ಸವೆದು ಹೋಗಿದೆ. ಓಡುತ್ತಿರುವವರೆಗೆ ಓಡುತ್ತದೆ, ಒಮ್ಮೆ ನಿಂತರೆ ಮತ್ತೆ ತಿರುಗುವುದಿಲ್ಲ. ಅದಕ್ಕೇ ಅಲ್ಲಿಯ ಕಾಂಪೌಂಡರ್ ಬೊಮ್ಮಯ್ಯ ಕರೆಂಟು ಹೋದರೂ ನಿಲ್ಲಬಾರದೆಂದು ಲಾರಿಯ ಬ್ಯಾಟರಿಗಳನ್ನು ತಂದು ಜೋಡಿಸಿ, ಮಗುವಿನ ತೊಟ್ಟಿಲು ಕಾದಂತೆ ಅದನ್ನು ಕಾಯುತ್ತಿದ್ದ. ಸರಿ, ಓಡುತ್ತಿರುವಾಗಲೇ ಒಳಗಿನದನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿಕೊಳ್ಳಬಾರದೇಕೆ ಎಂದರೆ, ಅದೂ ಆಗುವುದಿಲ್ಲ. ಕರ್ನೆಲ್ ಎನ್ನುವ ಒಳಗಿನ ಮೂಲ ಪ್ರೋಗ್ರಾಮಿನಲ್ಲೇ ಒಂದು ತಪ್ಪಿತ್ತು. ಡಿಸ್ಕನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಓದಲು ಹೊರಟರೆ ಇಡೀ ಯಂತ್ರ ಕಲ್ಲಾಗಿ ನಿಂತುಬಿಡುತ್ತಿತ್ತು. ತಪ್ಪು ತಿದ್ದಬೇಕಾದರೆ ಯಂತ್ರ ನಿಲ್ಲಿಸಬೇಕು, ನಿಲ್ಲಿಸಿದರೆ ಡಿಸ್ಕು ಸಾಯುತ್ತದೆ. ಉಳಿದದ್ದು ಒಂದೇ ದಾರಿ. ಯಂತ್ರ ಓಡುತ್ತಿರುವಂತೆಯೇ ಪ್ರೊಸೆಸರು ಓದಿ ನಡೆಸುತ್ತಿರುವ ಆಜ್ಞೆಗಳನ್ನೇ ಅದರ ಮೂಗಿನಡಿ ಬದಲಿಸುವುದು. ತಪ್ಪಿದ್ದ ಕೋಡಿನ ಬಾಯಲ್ಲೇ ಐದು ಬೈಟಿನ, ಐದಕ್ಷರದಷ್ಟು ಉದ್ದದ, ಹೊಸದೊಂದು ಆಜ್ಞೆ ಬರೆದು, ಇಲ್ಲಿಗೆ ಬರಬೇಡ, ಆಚೆ ಸರಿಯಾದದ್ದು ಇಟ್ಟಿದ್ದೇನೆ, ಅಲ್ಲಿಗೆ ಹೋಗು ಎಂದು ತಿರುಗಿಸುವುದು. ಹರಪನಹಳ್ಳಿಯ ಕಂಪ್ಯೂಟರಿಗೂ ಇದೇ ರೋಗವಿತ್ತು, ಹೋದ ತಿಂಗಳು ಅಫ್ರೀನ್ ಅದನ್ನು ಹೀಗೇ ವಾಸಿ ಮಾಡಿದ್ದಳು. ಅವತ್ತು ನರ್ಸುಗಳೆಲ್ಲ ಬಾಗಿಲಲ್ಲಿ ಮುಗಿಬಿದ್ದು ನೋಡಿದ್ದರು. ಕೊಟ್ಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಅವಳಪ್ಪ ಹಸನ್ ಸಾಬ್ ಸುದ್ದಿ ಕೇಳಿ, "ಓಡೋ ಮೋಟರಿಗೆ ಕೈ ಹಾಕಬ್ಯಾಡ ಅಂತ ನಾ ಜನ್ಮ ಪೂರ್ತಿ ಹೇಳೀನಿ, ಈಕಿ ಅದನ್ನ ಮಾಡ್ಯಾಳ ನೋಡ್ರಿ" ಎಂದು ಬಂದವರಿಗೆಲ್ಲ ಚಹಾ ಕುಡಿಸಿದನಂತೆ. ಡಾಕ್ಟರು ಯಾರೋ ನೆಂಟರಿಗೆ, "ಇವ್ರು ಅಫ್ರೀನ್ ಅಂತ, ಇವ್ರ ಮಾಡಿದ್ದು. ಇವ್ರು..." ಎಂದು ಗೀತಾಂಜಲಿಯ ಕಡೆ ಕೈ ತೋರಿಸಿ, ಹೆಸರಿಗಾಗಿ ತಡಕಾಡಿ, "ಇವ್ರೂ ಕಂಪ್ಯೂಟರ್ರ" ಎಂದು ಮುಗಿಸಿದ್ದರು. ನೆಂಟರು ಕೈಮುಗಿದಿದ್ದರು. ಗೀತಾಂಜಲಿಯೂ ಹಲ್ಲು ಕಿರಿದು ಕೈಮುಗಿದಿದ್ದಳು. ಥೂ, ಆ ಹಲ್ಲು ಕಿರಿದದ್ದು ನೆನಪಾದರೆ ಈಗಲೂ ದವಡೆ ನೋಯುತ್ತದೆ.

ಬಸ್ಸು ಎಲ್ಲೋ ನಿಂತಿತು. ಮೆಕ್ಕೆಜೋಳದ ತೆನೆ ತುಂಬಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡಲಾಗಿ ತಿರುಗುತ್ತಿತ್ತು. ಅಫ್ರೀನಳ ತಲೆ ಜಾರಿ ಗೀತಾಂಜಲಿಯ ಭುಜಕ್ಕೆ ಬಂತು. ತಳ್ಳಬೇಕೆನಿಸಿತು, ತಳ್ಳಲಿಲ್ಲ. ಕೊಬ್ಬರಿ ಎಣ್ಣೆಯ ವಾಸನೆ. ಹಾಸ್ಟೆಲಿನಲ್ಲೂ ಇದೇ ಎಣ್ಣೆ. ರಜೆಯಲ್ಲಿ ಕೊಟ್ಟೂರಿಗೆ ಹೋದರೆ ಅಫ್ರೀನಳ ಅಜ್ಜಿ ಮಹಬೂಬ್ ಬೀ ಇಬ್ಬರನ್ನೂ ಮುಂದೆ ಕೂರಿಸಿಕೊಂಡು ಇದೇ ಎಣ್ಣೆ ತಟ್ಟುತ್ತ ಕತೆ ಹೇಳುತ್ತಿದ್ದಳು. ಮನೆಯವರೊಂದಿಗೆ ಉರ್ದು, ಗೀತಾಂಜಲಿಗಾಗಿ ಕನ್ನಡ. ಮಾತು ಮಾತಿಗೂ ಹೂಂ ಅನ್ನಬೇಕು. ಒಂದು ಹೂಂ ತಪ್ಪಿದರೆ ಅಜ್ಜಿ ಅಲ್ಲೇ ನಿಲ್ಲಿಸಿ, ಎಣ್ಣೆಗೈಯಲ್ಲೇ ನೆತ್ತಿಗೊಂದು ಮೊಟಕುತ್ತಿದ್ದಳು. "ಹೂಂ ಅನ್ನಾಕ ಒಬ್ರು ಇರದಿದ್ರ ಕತಿ ಹೇಳಬಾರ್ದವ್ವಾ. ಅದು ಎತ್ತಾಗರ ಹೋಗಿಬಿಡತೈತಿ." ಆ ಚಾಳಿ ಗೆಳತಿಯರಿಬ್ಬರ ಕೆಲಸಕ್ಕೂ ಅಂಟಿಕೊಂಡಿತ್ತು. ಒಬ್ಬಳು ಬರೆದ ಪ್ರೋಗ್ರಾಮನ್ನು ನಡೆಸುವ ಮೊದಲು ಸಾಲುಸಾಲಾಗಿ ಗಟ್ಟಿಯಾಗಿ ಓದಬೇಕು, ಇನ್ನೊಬ್ಬಳು ಕೇಳಿ ಪ್ರತಿ ಸಾಲಿಗೂ ಹೂಂ ಅನ್ನಬೇಕು. ಸರಿಯಿಲ್ಲ ಅನಿಸಿದ ಕಡೆ ಹೂಂ ಅನ್ನಬಾರದು, ಅಷ್ಟೇ. ಓದುವವಳು ಅಲ್ಲೇ ನಿಂತು ಹುಡುಕುತ್ತಾಳೆ. ಇಷ್ಟು ವರ್ಷಗಳಲ್ಲಿ ಇಬ್ಬರಲ್ಲಿ ಒಬ್ಬರೂ ಸುಳ್ಳು ಹೂಂ ಅಂದಿರಲಿಲ್ಲ.

ನಿನ್ನೆ ಸಂಜೆಯವರೆಗೆ.

ನಿನ್ನೆ ಸಂಜೆ ಅಫ್ರೀನಳ ಬಾಡಿಗೆ ಕೋಣೆಯಲ್ಲಿ ಗೀತಾಂಜಲಿ ಚಾಪೆಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಅಫ್ರೀನ್ ಓದುತ್ತಿದ್ದಳು. "ಮೊದ್ಲು ಬ್ಯಾರೆ ಯಾವ ಕೆಲಸನೂ ನಡುವೆ ಬರದಂಗ ಪ್ರೊಸೆಸರಿನ ಬಾಗಿಲಾ ಹಾಕೋದು." ಹೂಂ. "ತಪ್ಪಿರೋ ಕೋಡು ಎಲ್ಲೈತಿ ಅಂತ ಜಾಗ ತಗೊಳ್ಳೋದು." ಹೂಂ. "ಅಲ್ಲಿ ಐದೂ ಬೈಟು ಒಟ್ಟಿಗೇ ಬರದುಬಿಡೋದು." ಗೀತಾಂಜಲಿಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. ಹರಪನಹಳ್ಳಿಯ ಹಳೆಯ ಕಂಪ್ಯೂಟರಿನಲ್ಲಿ ಪ್ರೊಸೆಸರು ಒಂದೇ. ಅದು ಬರೆಯುವುದರಲ್ಲಿ ತೊಡಗಿದ್ದರೆ ಓದಲು ಬೇರೆ ಯಾರೂ ಇಲ್ಲ, ಐದೂ ಬೈಟು ನಿಶ್ಚಿಂತೆಯಿಂದ ಬರೆಯಬಹುದು. ಹಡಗಲಿಯದರಲ್ಲಿ ಎರಡಿವೆ. ಡಾಕ್ಟರು ಎಲ್ಲಿಂದಲೋ ಹಳೆಯದು ತರಿಸಿದಾಗ ಪೆಟ್ಟಿಗೆ ಬಿಚ್ಚಿ ಜೋಡಿಸಿದ್ದು ಗೀತಾಂಜಲಿ, ಅಫ್ರೀನ್ ಅದರ ಒಳಗನ್ನು ನೋಡಿಯೇ ಇಲ್ಲ. ಒಂದು ಪ್ರೊಸೆಸರು ಬರೆಯುತ್ತಿರುವಾಗ ಇನ್ನೊಂದು ಅದೇ ಜಾಗಕ್ಕೆ ಬಂತೆಂದರೆ? ಎರಡು ಬೈಟು ಹೊಸದು, ಮೂರು ಬೈಟು ಹಳೆಯದು, ಎರಡೂ ಸೇರಿ ಯಾವುದೂ ಅಲ್ಲದ ಒಂದು ಹುಚ್ಚು ಆಜ್ಞೆಯನ್ನು ಅದು ಓದುತ್ತದೆ, ಓದಿದ ಕ್ಷಣ ಯಂತ್ರ ಸತ್ತುಹೋಗುತ್ತದೆ. ಇದು ಗೀತಾಂಜಲಿಗೆ ಗೊತ್ತಿತ್ತು. ದಸರಾ ರಜೆಯಲ್ಲಿ ಕೂಡ್ಲಿಗಿಯ ಸೈಬರ್ ಕೆಫೆಯಲ್ಲಿ ಕೂತು, ಪಕ್ಕದ ಹುಡುಗರು ಸಿನಿಮಾ ಹಾಡು ಹಚ್ಚಿ ಕಿರುಚಾಡುತ್ತಿದ್ದರೂ ಹಲ್ಲುಕಚ್ಚಿ, ಪ್ರೊಸೆಸರಿನ ಕೈಪಿಡಿ ಓದಿ ತಿಳಿದುಕೊಂಡದ್ದು. ಮೊದಲು ಐದರಲ್ಲಿ ತಲೆಯ ಒಂದೇ ಒಂದು ಬೈಟನ್ನು ಬದಲಿಸಬೇಕು, ಅದು ನಿಲ್ಲು ಎಂಬ ಆಜ್ಞೆ. ಅಲ್ಲಿಗೆ ಯಾವ ಪ್ರೊಸೆಸರು ಬಂದರೂ ಸಿಕ್ಕಿಬೀಳುತ್ತದೆ, ಸಿಕ್ಕಿಬಿದ್ದದ್ದನ್ನು ಸರಿಯಾದ ದಾರಿಗೆ ಕಳಿಸಬೇಕು. ನೀವು ಮೊದಲೇ ಓದಿಟ್ಟುಕೊಂಡದ್ದನ್ನು ಬಿಟ್ಟು ಹೊಸದಾಗಿ ಓದಿ ಎಂದು ಎಲ್ಲ ಪ್ರೊಸೆಸರಿಗೂ ಸಾರಬೇಕು. ಆಮೇಲೆ ಹಿಂದಿನ ನಾಲ್ಕು ಬೈಟು ಬರೆದು, ಮತ್ತೆ ಸಾರಿ, ಕಡೆಯಲ್ಲಿ ತಲೆಯದನ್ನು ಬರೆದು ಇನ್ನೊಮ್ಮೆ ಸಾರಬೇಕು. ಎಷ್ಟು ಚೆಂದ! ಓದಿ ಮುಗಿಸಿದಾಗ ಅವಳ ಕಣ್ಣಲ್ಲಿ ನೀರೇ ಬಂದಿತ್ತು. ಆದರೆ ಹಿಂದಿರುಗಿದ ಮೇಲೆ ಅಫ್ರೀನಳಿಗೆ ಹೇಳಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂದುಕೊಳ್ಳುತ್ತ ಬಂದಳು. ನಿಜ ಹೇಳಬೇಕೆಂದರೆ, ಅಫ್ರೀನಳಿಗೆ ಗೊತ್ತಿಲ್ಲದ್ದು ಒಂದಾದರೂ ತನ್ನ ಹತ್ತಿರ ಇರಲಿ ಎಂದು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಿದ್ದಳು. "ಏ ಗೀತಾ, ಹೂಂ ಅನ್ನಲೇ, ನಿದ್ದಿ ಹತ್ತೇತೇನು?" ಎಂದು ಅಫ್ರೀನ್ ತಿರುಗಿ ನೋಡಿದಳು. ಕೆನ್ನೆಯ ಮೇಲೆ ಮಸಿ, ಕಿವಿಯ ಹಿಂದೆ ಪೆನ್ನು, ಮುಖದಲ್ಲಿ ಒಂದಿಷ್ಟಾದರೂ ಅನುಮಾನವಿಲ್ಲ.

"ಹೂಂ" ಎಂದಳು ಗೀತಾಂಜಲಿ.

ಅಷ್ಟಕ್ಕೂ ತಾನೇನು ಯಂತ್ರ ಸಾಯಲಿ ಅಂದುಕೊಂಡವಳಲ್ಲ! ದೇವರಾಣೆಗೂ ಅಲ್ಲ. ರಾತ್ರಿಯಿಡೀ ಅದನ್ನೇ ತನಗೆ ತಾನು ಹೇಳಿಕೊಂಡಿದ್ದಳು. ಅವಳ ಲೆಕ್ಕ ಬೇರೆಯಿತ್ತು. ಅಫ್ರೀನ್ ಎಲ್ಲ ಸಿದ್ಧಮಾಡಿ, ಡಾಕ್ಟರ ಎದುರಿಗೆ, ಇನ್ನೇನು ಕೀಲಿ ಒತ್ತಬೇಕು ಎನ್ನುವಾಗ ಕೈ ಹಿಡಿದು ತಡೆಯುವುದು. ಒಂದು ನಿಮಿಷ ಸಾರ್, ಇದರಲ್ಲಿ ಪ್ರೊಸೆಸರು ಎರಡಿವೆ. ಅಷ್ಟೇ ಮಾತು, ನಿಧಾನವಾಗಿ, ದೊಡ್ಡದು ಮಾಡದೆ. ಆಗ ಡಾಕ್ಟರು ತಿರುಗಿ ನೋಡುವುದು, ಹೆಸರಿಗಾಗಿ ತಡಕಾಡದಿರುವುದು. ಅಫ್ರೀನಳ ಮುಖ ಬಿಳಿಚಿಕೊಳ್ಳುವುದು. ಆ ಬಿಳಿಚಿಕೊಂಡ ಮುಖವನ್ನು ಕತ್ತಲಲ್ಲಿ ಮತ್ತೆ ಮತ್ತೆ ಕಂಡು, ಪ್ರತಿ ಸಲವೂ ಒಂದು ಗುಟುಕು ತಣ್ಣೀರು ಕುಡಿದಂತಾಗಿ, ಮರುಕ್ಷಣವೇ ಛೀ ಅನಿಸಿ, ಛೀ ಅಂದ ಮೇಲೂ ಇನ್ನೊಮ್ಮೆ ಕಾಣಬೇಕೆನಿಸಿ, ಗಂಡನ ಗೊರಕೆ ಕೇಳುತ್ತ ಬಿದ್ದುಕೊಂಡಿದ್ದಳು. ಈಗ ಭುಜದ ಮೇಲಿನ ತಲೆ ಭಾರವಾಗುತ್ತಿತ್ತು. ಎಬ್ಬಿಸಿ ಹೇಳಿಬಿಡಲೆ? ಹಡಗಲಿ ಇನ್ನೂ ದೂರವಿದೆ. ಹೇಳಿದರೆ ಏನಾಗುತ್ತದೆ ಎಂಬುದೂ ಗೊತ್ತು. "ಅಯ್ಯೋ ನನ್ನವ್ವಾ, ಎಂಥಾ ಚಲೋ ಹಿಡದಿ!" ಎಂದು ತಬ್ಬಿಕೊಂಡು, ಬಸ್ಸಿನಲ್ಲೇ ತಿದ್ದಿ, ಅಲ್ಲಿಗೆ ಹೋಗಿ ತಾನೇ ಒತ್ತಿ, ಮತ್ತೆ ಚಪ್ಪಾಳೆ ಅವಳಿಗೆ. ಗೀತಾನೂ ಹೇಳಿದ್ಲು ಸಾರ್ ಅನ್ನುತ್ತಾಳೆ, ಅನ್ನದೆ ಇರುವವಳಲ್ಲ. ಆ ಗೀತಾನೂ ಎಂಬ 'ನೂ'ಗೆ ಜೋತುಬಿದ್ದೇ ಇಷ್ಟು ವರ್ಷ ಆಗಲಿಲ್ಲವೆ? ಗೀತಾಂಜಲಿ ಎಬ್ಬಿಸಲಿಲ್ಲ.

ಹಡಗಲಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಅಫ್ರೀನ್ ಕಣ್ಣುಜ್ಜಿಕೊಂಡು, ಮಲ್ಲಿಗೆ ಮಾರುವವಳ ಹತ್ತಿರ ಒಂದು ಮೊಳ ಕೊಂಡು, ತಾನು ಮುಡಿಯದೆ ಗೀತಾಂಜಲಿಯ ಜಡೆಗೆ ಸಿಕ್ಕಿಸಿದಳು. "ನಿನಗ ಚಂದ ಕಾಣ್ತೈತಿ." ಗೀತಾಂಜಲಿಗೆ ಅಳು ಬಂದಂತಾಯಿತು, ಸಿಟ್ಟೂ ಬಂತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಬೊಮ್ಮಯ್ಯ ಕಾಯುತ್ತ ನಿಂತಿದ್ದವನು, "ಅಫ್ರೀನ್ ಮೇಡಮ್ಮಾರು ಬಂದ್ರು! ಇನ್ನ ಚಿಂತಿಲ್ಲ ಬಿಡ್ರಿ" ಎಂದು ಬ್ಯಾಗಿಗೆ ಕೈಹಾಕಿದ. ಹೊಸ ನರ್ಸೊಬ್ಬಳು ಗೀತಾಂಜಲಿಯನ್ನು ಮೇಲಿಂದ ಕೆಳಗೆ ನೋಡಿ, "ನೀವು ಅವ್ರ ಜೋಡಿ ಬಂದೋರೇನ್ರಿ? ಇಲ್ಲೇ ಬೆಂಚಿನ ಮ್ಯಾಲ ಕುಂದರ್ರಿ, ಪೇಶಂಟಿನ ಕಡೆಯವ್ರು ಎಲ್ಲಾ ಇಲ್ಲೇ ಕುಂದ್ರತಾರ" ಎಂದಳು. ಅಫ್ರೀನ್ ನಕ್ಕು, ಗೀತಾಂಜಲಿಯ ಕೈಹಿಡಿದು ಒಳಗೆ ಎಳೆದುಕೊಂಡು ಹೋದಳು. ನಕ್ಕಳಲ್ಲ! ನಗುವಂಥದ್ದೇನಿತ್ತು ಅದರಲ್ಲಿ?

ಹಿಂದಿನ ಕೋಣೆಯಲ್ಲಿ ಊದುಬತ್ತಿಯ ಹೊಗೆ. ಯಂತ್ರದ ನೆತ್ತಿಗೆ ಬೊಮ್ಮಯ್ಯ ಹಚ್ಚಿದ ವಿಭೂತಿ. ಡಿಸ್ಕು ಆಗಾಗ ಕಿರ್ರ್ ಎನ್ನುತ್ತಿತ್ತು, ಗಂಟಲಲ್ಲಿ ಕಫ ಕಟ್ಟಿದ ಮುದುಕನ ಉಸಿರಿನಂತೆ. "ಡಾಕ್ಟರು ಹೆರಿಗಿ ಕೋಣ್ಯಾಗ ಅದಾರ, ಮಾಡ್ತಿರ್ರಿ ಅಂತ ಹೇಳ್ಯಾರ" ಎಂದು ಬೊಮ್ಮಯ್ಯ ಹೊರಗೆ ಹೋದ. ಅಫ್ರೀನ್ ಕುರ್ಚಿ ಎಳೆದುಕೊಂಡು ಕೂತು ತನ್ನದನ್ನೆಲ್ಲ ಯಂತ್ರಕ್ಕೆ ಇಳಿಸಿದಳು. ಎಲ್ಲ ಸಿದ್ಧವಾಯಿತು. ಒಂದು ಕೀಲಿ ಒತ್ತುವುದಷ್ಟೇ ಬಾಕಿ.

"ಶುರು ಮಾಡ್ಲೇನು?"

"ಬ್ಯಾಡ" ಎಂದಳು ಗೀತಾಂಜಲಿ, ತನಗೇ ಬೆಚ್ಚುವಷ್ಟು ಜೋರಾಗಿ. "ಸಾರ್ ಬರ್ಲಿ."

"ಸಾರ್ ಬಂದು ಏನ್ ಮಾಡ್ತಾರ?"

"ಬರ್ಲಿ ಬಿಡು. ಅವ್ರ ಮಷಿನ್ನು."

ಅಫ್ರೀನ್ ಕೀಲಿಯಿಂದ ಕೈತೆಗೆದಳು. ಗೋಡೆಯ ಆಚೆ ಯಾರೋ ಹೆಂಗಸು ನರಳುವುದು ಕೇಳುತ್ತಿತ್ತು, ನಡುನಡುವೆ ಅವಳ ತಾಯಿಯದೋ ಅತ್ತೆಯದೋ ಸಮಾಧಾನದ ಮಾತು. ಗೀತಾಂಜಲಿ ಬಾಗಿಲಿನ ಕಡೆಗೇ ನೋಡುತ್ತ ನಿಂತಿದ್ದಳು, ಒಳಗೊಳಗೇ ಆ ವಾಕ್ಯವನ್ನು ಜೋಡಿಸುತ್ತ. ಒಂದು ನಿಮಿಷ ಸಾರ್ ಅನ್ನಬೇಕೋ, ತಡೀರಿ ಸಾರ್ ಅನ್ನಬೇಕೋ. ತಡೀರಿ ಅಂದರೆ ಗಾಬರಿ ಕಾಣುತ್ತದೆ, ಒಂದು ನಿಮಿಷ ಎಂಬುದೇ ಗಂಭೀರ. ಅಫ್ರೀನ್ ಕುರ್ಚಿಯನ್ನು ಇವಳ ಕಡೆ ತಿರುಗಿಸಿಕೊಂಡು, ಬಹಳ ಮೆಲ್ಲಗೆ, "ಗೀತಾ, ಏನರ ಹೇಳೋದೈತೇನು?" ಎಂದು ಕೇಳಿದಳು.

"ಏನೂ ಇಲ್ಲಲ್ಲ. ಯಾಕ?"

"ಸುಮ್ನ ಕೇಳಿದೆ. ಇದ್ರ ಈಗ ಹೇಳು. ನಾವಿಬ್ರ ಅದೀವಿ."

"ಏನೂ ಇಲ್ಲ ಅಂದ್ನೆಲ್ಲ!"

ಅಫ್ರೀನ್ ತಲೆಯಾಡಿಸಿ ಮತ್ತೆ ತೆರೆಯ ಕಡೆ ತಿರುಗಿದಳು. ಆಗಲೇ ಚಪ್ಪಲಿಯ ಸದ್ದಾಗಿ, ಒದ್ದೆ ಕೈಯನ್ನು ಟವೆಲಿಗೆ ಒರೆಸಿಕೊಳ್ಳುತ್ತ ಡಾಕ್ಟರ್ ಶಿವಯೋಗಪ್ಪ ಒಳಗೆ ಬಂದರು, ಹಿಂದೆ ಬೊಮ್ಮಯ್ಯ, ಅವನ ಹಿಂದೆ ಆ ನರ್ಸು. "ಹೆಣ್ಮಗಳು ಭಾಳ ತ್ರಾಸ ಕೊಡಾಕ ಹತ್ಯಾಳ, ನಾ ಲಗೂನ ಹೋಗಬೇಕು. ಹೂಂ, ಒತ್ತರಿ ಅಫ್ರೀನ್, ನೋಡೇಬಿಡೂಣು" ಎಂದರು. ಅಫ್ರೀನಳ ಬೆರಳು ಕೀಲಿಯ ಹತ್ತಿರ ಹೋಯಿತು. ಗೀತಾಂಜಲಿ ಒಂದು ಹೆಜ್ಜೆ ಮುಂದೆ ಬಂದಳು.

"ಒಂದು ನಿಮಿಷ ಸಾರ್."

ಎಲ್ಲರೂ ತಿರುಗಿದರು. ಆಹಾ, ಎಲ್ಲರೂ. ಗೀತಾಂಜಲಿ ಹೇಳಿದಳು. ಈ ಮಷಿನ್ನಿನಲ್ಲಿ ಪ್ರೊಸೆಸರು ಎರಡಿವೆ, ಒಂದು ಬರೆಯುವಾಗ ಇನ್ನೊಂದು ಓದುತ್ತದೆ, ಅರ್ಧ ಹೊಸದು ಅರ್ಧ ಹಳೆಯದು ಆಗುತ್ತದೆ, ಈಗ ಒತ್ತಿದರೆ ಯಂತ್ರ ಇಲ್ಲಿಯೇ ನಿಲ್ಲಬಹುದು. ನಿಂತರೆ ಡಿಸ್ಕು ಹೋಯಿತು. ಮೊದಲು ತಲೆಯ ಬೈಟಿನಲ್ಲಿ ನಿಲ್ಲು ಎಂಬ ಆಜ್ಞೆ ಇಡಬೇಕು, ಎಲ್ಲಕ್ಕೂ ಸಾರಬೇಕು, ಆಮೇಲೆ ಹಿಂದಿನ ನಾಲ್ಕು, ಕಡೆಗೆ ತಲೆ. ಮಾತು ಎಲ್ಲೂ ತಡವರಿಸಲಿಲ್ಲ, ಕ್ಲಾಸಿನಲ್ಲೂ ಇಷ್ಟು ಚೆನ್ನಾಗಿ ಅವಳು ಎಂದೂ ಹೇಳಿರಲಿಲ್ಲ. ಹೇಳಿ ಮುಗಿಸಿ, ಬಾಯಾರಿದವಳು ಬಿಂದಿಗೆಯ ಕಡೆ ನೋಡುವಂತೆ ಅಫ್ರೀನಳ ಮುಖವನ್ನು ನೋಡಿದಳು.

ಅದು ಬಿಳಿಚಿಕೊಳ್ಳಲಿಲ್ಲ. ಅಫ್ರೀನ್ ಇವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಹಾಸ್ಟೆಲಿನಲ್ಲಿ ಒಮ್ಮೆ ಗೀತಾಂಜಲಿಗೆ ಜ್ವರ ನೆತ್ತಿಗೇರಿದಾಗ ಹೀಗೇ ನೋಡಿದ್ದಳು. ಆಮೇಲೆ ಹಣೆ ಚಚ್ಚಿಕೊಂಡು, "ಅಯ್ಯ ಹೌದಲ್ಲ! ಎಂಥಾ ದಡ್ಡಿ ನೋಡ್ರಿ ನಾನು, ಎಲ್ಡು ಅದಾವ ಅನ್ನೋದು ನನ್ನ ತಲಿಗೇ ಹೊಳಿಲಿಲ್ಲ ಸಾರ್. ಗೀತಾ ಇರದಿದ್ರ ಇವತ್ತು ಎಲ್ಲಾ ಮಣ್ಣಾಗತಿತ್ತು" ಎಂದಳು.

ಡಾಕ್ಟರು ಗಾಬರಿಯಾದರು. "ಈಗ ಹೆಂಗ ಮತ್ತ?"

"ಒಂದ್ಹತ್ತು ನಿಮಿಷ ಕೊಡ್ರಿ. ಆಕಿ ಹೇಳಿದಂಗ ತಿದ್ದತೀನಿ."

ಹತ್ತು ನಿಮಿಷ! ಗೀತಾಂಜಲಿಗೆ ಒಳಗೊಳಗೇ ನಗು ಬಂತು. ನಿಲ್ಲು ಎಂಬಲ್ಲಿ ಸಿಕ್ಕಿಬಿದ್ದ ಪ್ರೊಸೆಸರನ್ನು ಆಚೆ ದಾಟಿಸುವ ಕೋಡೊಂದೇ ಒಂದು ಸಂಜೆಯ ಕೆಲಸ. ಇವಳಿಗೆ ಅದರ ಗಂಧವೂ ಇಲ್ಲ. ಸಾಲುಸಾಲಾಗಿ ತಾನೇ ಹೇಳಿ ಬರೆಸಬೇಕು, ಡಾಕ್ಟರು ನೋಡುತ್ತಿರಬೇಕು ಎಂದುಕೊಂಡು ಕುರ್ಚಿಯ ಹಿಂದೆ ಹೋಗಿ, ತೆರೆಯ ಮೇಲೆ ಬಗ್ಗಿದಳು.

ತಲೆಯ ಬೈಟಿನಲ್ಲಿ ನಿಲ್ಲು ಎಂಬ ಆಜ್ಞೆ ಅಲ್ಲಿತ್ತು. ಕೆಳಗೆ, ಸಿಕ್ಕಿಬಿದ್ದದ್ದನ್ನು ದಾಟಿಸುವ ಕೋಡು. ಎಲ್ಲ ಪ್ರೊಸೆಸರಿಗೂ ಸಾರುವುದು, ಹಿಂದಿನ ನಾಲ್ಕು, ಮತ್ತೆ ಸಾರುವುದು, ತಲೆ, ಕಡೆಯ ಸಾರುವುದು. ಒಂದೂ ಬಿಟ್ಟಿರಲಿಲ್ಲ. ಕೋಡಿನ ಪಕ್ಕ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟಿಪ್ಪಣಿ ಬರೆಯುವುದು ಅಫ್ರೀನಳ ಅಭ್ಯಾಸ. ಇಲ್ಲೂ ಬರೆದಿದ್ದಳು, ಎರಡನೇದು ನಡುವ ಬಂದ್ರ ಇಲ್ಲೇ ನಿಲ್ಲಲಿ. ಅಫ್ರೀನ್ ಅದರ ಕೆಳಗಿನ ಖಾಲಿ ಸಾಲಿನಲ್ಲಿ ಏನೋ ಒತ್ತುತ್ತಿದ್ದಳು, ಅಳಿಸುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. ಬೆರಳುಗಳು ಟಪಟಪ ಓಡುತ್ತಿದ್ದವು. ತೆರೆಯಲ್ಲಿ ಏನೂ ಬದಲಾಗುತ್ತಿರಲಿಲ್ಲ.

ಗೀತಾಂಜಲಿ ಆ ಸಾಲುಗಳನ್ನು ಮತ್ತೊಮ್ಮೆ ಓದಿದಳು. ನಿನ್ನೆ ತಾನು ಹೋದ ಮೇಲೆ ಇವಳು ಅದೇ ಸಾಲಿಗೆ ಮರಳಿದ್ದಾಳೆ. ಬೊಮ್ಮಯ್ಯನಿಗೋ ಇನ್ನಾರಿಗೋ ಫೋನು ಹಚ್ಚಿ ಎಷ್ಟಿವೆ ನೋಡಿ ಎಂದು ಕೇಳಿದ್ದಾಳೆ. ರಾತ್ರಿಯಿಡೀ ಕೂತಿದ್ದಾಳೆ, ಅದಕ್ಕೇ ಬಸ್ಸಿನಲ್ಲಿ ಹಾಗೆ ಬಿದ್ದುಕೊಂಡಿದ್ದು. ಗೆಳತಿ ಹೂಂ ಅಂದುಬಿಟ್ಟಿದ್ದಳಲ್ಲ, ತಿದ್ದಿದ್ದೇನೆ ಎಂದರೆ ಕೇಳಿದವಳ ಮುಖ ಸಣ್ಣದಾಗುತ್ತದೆ ಎಂದು ಬಾಯಿ ಬಿಟ್ಟಿಲ್ಲ. ಅಷ್ಟೇ ಆಗಿದ್ದರೆ ಬದುಕಬಹುದಿತ್ತು. ಈಗಷ್ಟೇ, ಏನರ ಹೇಳೋದೈತೇನು ಎಂದು ಕೇಳಿದಾಗಲೂ ಅವಳಿಗಿದ್ದದ್ದು ಸಣ್ಣ ಅನುಮಾನ ಮಾತ್ರ. ಡಾಕ್ಟರ ಎದುರು ತಾನು ತಲೆ, ನಾಲ್ಕು, ಸಾರುವುದು ಎಂದು ಪಾಠ ಒಪ್ಪಿಸಿದ ಮೇಲೆ ಅದು ಅನುಮಾನವಾಗಿ ಉಳಿದಿರಲಾರದು. ನಿನ್ನೆ ಗೊತ್ತಿಲ್ಲದವಳು ಇವತ್ತು ಹಾಗೆ ಹೇಳಲು ಸಾಧ್ಯವೇ ಇಲ್ಲ. ಅಫ್ರೀನಳಿಗೆ ಎಲ್ಲ ಗೊತ್ತಾಗಿದೆ. ಗೊತ್ತಾಗಿಯೂ ಖಾಲಿ ಸಾಲಿನಲ್ಲಿ ಬೆರಳಾಡಿಸುತ್ತಿದ್ದಾಳೆ. ಸಾರ್, ಇದು ಮೊದಲೇ ಇತ್ತು, ಅವಳೇ ಬರೆದದ್ದು: ನಾಲಗೆಯ ತುದಿಯವರೆಗೆ ಬಂತು. ಡಾಕ್ಟರು ಪಕ್ಕದಲ್ಲೇ ನಿಂತು ಗೀತಾಂಜಲಿಯನ್ನೇ ನೋಡುತ್ತಿದ್ದರು, ಇವಳೆಂಬುವಳು ಒಬ್ಬಳು ಇದ್ದಾಳೆಂದು ಈಗ ತಾನೇ ಕಂಡಂತೆ. ಮಾತು ಹಿಂದಕ್ಕೆ ಹೋಯಿತು.

"ಆತು" ಎಂದು ಅಫ್ರೀನ್ ಒತ್ತಿದಳು. ಡಿಸ್ಕು ಒಮ್ಮೆ ಕಿರ್ರೆಂದಿತು. ಬೊಮ್ಮಯ್ಯ ಕಣ್ಣುಮುಚ್ಚಿ ಕೈಮುಗಿದ. ಯಂತ್ರ ನಿಲ್ಲಲಿಲ್ಲ. ಹೊಸ ಡಿಸ್ಕಿಗೆ ಇಳಿಸುವುದು ಶುರುವಾಯಿತು, ಊರುಗಳ ಹೆಸರು ಒಂದೊಂದಾಗಿ ತೆರೆಯ ಮೇಲೆ ಸರಿದವು.

"ಶಭಾಷ್!" ಎಂದರು ಡಾಕ್ಟರು. ಆಮೇಲೆ ತುಸು ಮುಜುಗರದಿಂದ, "ಅಫ್ರೀನ್, ನೀವು ಬ್ಯಾಸರ ಮಾಡ್ಕೋಬಾರ್ದು. ನಿಮಗ ಹೇಳೂಣು ಅಂತಿದ್ದೆ. ಆದ್ರ ಇದು ಜೀವದ ಮಷಿನ್ನು, ತಪ್ಪು ಹಿಡಿಯೋ ಕಣ್ಣು ಇರೋರ ಕೈಯಾಗ ಇರಬೇಕು. ಎಲ್ಡೂ ಆಸ್ಪತ್ರಿದು ಗೀತಾಂಜಲಿಯವ್ರು ನೋಡ್ಕೊಳ್ಳಲಿ. ಏನಂತೀರಿ?"

"ಬರೋಬ್ಬರಿ ಸಾರ್" ಎಂದಳು ಅಫ್ರೀನ್.

"ನೀವು, ಗೀತಾಂಜಲಿಯವ್ರ?"

ಅಫ್ರೀನ್ ತಲೆಯೆತ್ತಿ ಇವಳನ್ನು ನೋಡಿದಳು. ಕಾಯುತ್ತಿದ್ದಳು. ಹೇಳಲಿ ಎಂದೋ, ಹೇಳದಿರಲಿ ಎಂದೋ.

"ಆಗ್ಲಿ ಸಾರ್" ಎಂದಳು ಗೀತಾಂಜಲಿ.

ಡಾಕ್ಟರು ನರ್ಸಿನೊಂದಿಗೆ ಸರಸರ ಹೊರಟುಹೋದರು. ಬೊಮ್ಮಯ್ಯ ಬ್ಯಾಟರಿಯ ವೈರು ನೋಡಲು ಗೋಡೆಯ ಹಿಂದೆ ಸರಿದ. ಅಫ್ರೀನ್ ಎದ್ದು, ಕುರ್ಚಿಯನ್ನು ದುಪಟ್ಟಾದಿಂದ ಒರೆಸಿ, "ಇನ್ನ ನಿಂದ, ಕುಂದ್ರು" ಎಂದಳು. ಅಣಕವಿದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅಣಕವಿರಲಿಲ್ಲ. ಗೀತಾಂಜಲಿ ಕೂತಳು. ಬೇಕಾದದ್ದೆಲ್ಲ ಕೈಗೆ ಬಂದಿತ್ತು, ಹೆಸರು, ಕುರ್ಚಿ, ಡಾಕ್ಟರ ಶಭಾಷು. ಆದರೂ ಹೊಟ್ಟೆಯೊಳಗೆ ಅದೇ ಹಳೆಯ ಉರಿ, ಮೊದಲಿಗಿಂತ ಹೆಚ್ಚು. ಹೀಗೆ ಕೊಟ್ಟುಬಿಡುವುದಕ್ಕೂ ಇವಳಿಗೇ ಬರಬೇಕೆ? ಕದ್ದವಳಿಗೇ ಕರೆದು ಕೊಡುವುದು, ಕೊಟ್ಟು ಕುರ್ಚಿ ಒರೆಸುವುದು, ಇದೂ ಇವಳದೇ ಆಗಬೇಕೆ? ತಾನು ನೂರು ವರ್ಷ ಬದುಕಿದರೂ ಇದೊಂದನ್ನು ಮಾಡಲಾರೆ. ಅದಕ್ಕಿಂತ ಈ ಹಾಳು ಯಂತ್ರ ನಿಂತೇ ಹೋಗಿದ್ದರೆ ಚೆನ್ನಾಗಿತ್ತು. ಇವಳು ಒತ್ತಿದಾಗ ಕಿರ್ರೆಂದು ಸತ್ತೇ ಹೋಗಿದ್ದರೆ ಚೆನ್ನಾಗಿತ್ತು. ರಾತ್ರಿಯಿಡೀ ದೇವರಾಣೆ ಹಾಕಿ ದೂರ ಇಟ್ಟಿದ್ದ ಆಸೆ ಈಗ ಹಗಲು ಹೊತ್ತಿನಲ್ಲಿ ಬಂದು ಎದುರು ನಿಂತಿತು, ಗೀತಾಂಜಲಿ ಅದನ್ನು ಓಡಿಸಲಿಲ್ಲ.

ಬಾಗಿಲು ದಡಾರೆಂದಿತು. ನರ್ಸು ಏದುಸಿರು ಬಿಡುತ್ತಿದ್ದಳು. ಕೈಗವಸಿನ ಮೇಲೆ ರಕ್ತವಿತ್ತು. "ಮೇಡಂ, ಬಿ ನೆಗೆಟಿವ್ ಯಾರದಾರ ನೋಡ್ರಿ, ಲಗೂ ಮಾಡ್ರಿ, ಆಯಮ್ಮಗ ರಕ್ತ ನಿಲ್ಲವಲ್ದು!"

ಗೀತಾಂಜಲಿ ಒತ್ತಿದಳು. ಯಂತ್ರ ಒಂದು ಕ್ಷಣವೂ ತಡಮಾಡದೆ ತೋರಿಸಿತು. ಯರ್ರಿಸ್ವಾಮಿ, ಮಾಗಳ. ಬೊಮ್ಮಯ್ಯ ಓಡಿಬಂದು ಮೊಬೈಲು ಹಿಡಿದು ನಿಂತ. "ನಂಬರ್ ಹೇಳ್ರಿ ಮೇಡಂ." ಅವಳು ಓದತೊಡಗಿದಳು. ನಾಲ್ಕೈದು ಅಂಕಿಗಳಾಗುವ ಹೊತ್ತಿಗೆ ಅವಳ ಕಣ್ಣಲ್ಲಿ ನೀರು ತುಂಬಿ ಮುಂದಿನ ಅಂಕಿ ಕಾಣದಾಯಿತು. "ಹೇಳ್ರಿ ಮೇಡಂ, ಮುಂದ?" ಎಂದು ಬೊಮ್ಮಯ್ಯ ಕೂಗುತ್ತಿದ್ದ.

ಅಫ್ರೀನ್ ಅವಳ ಭುಜದ ಮೇಲಿಂದ ಬಗ್ಗಿ, ಉಳಿದ ಅಂಕಿಗಳನ್ನು ಓದಿ ಹೇಳಿದಳು.